ಮೊಲದ ಕಣ್ಣಿನ ಸಾಕ್ಷ್ಯ ಇನ್ನು ಸಾಕು



ನೆಲ ಒರೆಸುವ ದ್ರಾವಣವಾಗಲಿ, ಪೈರಿಗೆ ಹೊಡೆಯುವ ಔಷಧವಾಗಲಿ ಕಣ್ಣಿಗೆ ಸಿಡಿದರೆ ಎಷ್ಟು ಹಾನಿಯಾದೀತೆಂಬುದನ್ನು ಮುಂಚಿತವಾಗಿ ಅರಿತಿರಬೇಕೆಂಬುದು ನಿರ್ವಿವಾದ. ಎಲೆಯಡಿಕೆಯ ಸುಣ್ಣದ ಪೊಟ್ಟಣವನ್ನು ಹಿಚುಕಿ ಆಡುತ್ತಿದ್ದ ಮಕ್ಕಳು ದೃಷ್ಟಿ ಕಳೆದುಕೊಂಡ ಪ್ರಸಂಗಗಳನ್ನು ನಮ್ಮ ನೇತ್ರವೈದ್ಯರು ಬಲ್ಲರು. ವಿವಾದವಿರುವುದು, ಆ ಅರಿವನ್ನು ನಾವು ಯಾರ ಕಣ್ಣಿನಿಂದ ಪಡೆಯುತ್ತಿದ್ದೇವೆಂಬಲ್ಲಿ.

1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿ, ಮುಂದೆ ಲೋಕವೆಲ್ಲ ಅಂಗೀಕರಿಸಿದ ಕ್ರಮದಲ್ಲಿ, ಬಿಳಿಯ ಮೊಲದ ಕೆಳರೆಪ್ಪೆಯನ್ನು ಎಳೆದು, ಅಲ್ಲಿ 0.1 ಮಿಲಿಲೀಟರಿನಷ್ಟು ವಸ್ತುವನ್ನು ಹಾಕಿ, ಇನ್ನೊಂದು ಕಣ್ಣನ್ನು ಹೋಲಿಕೆಗೆಂದು ಬಿಟ್ಟು, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲ ಎಷ್ಟು ಮಬ್ಬಾಯಿತು, ರೆಪ್ಪೆ ಎಷ್ಟು ಬಾತಿತು ಎಂದು ಅಂಕ ಹಾಕುತ್ತಾರೆ. ಗಾಯ ಮಾಯುವುದೋ ಇಲ್ಲವೋ ಎಂದು 21 ದಿನ ಕಾದು ನೋಡುವುದೂ ಉಂಟು. ಇಷ್ಟು ವೇದನೆಯಿಂದ ಪಡೆದ ಸಾಕ್ಷ್ಯವಾದರೂ ವಿಶ್ವಾಸಾರ್ಹವೇ? ಮೊಲ ನಮ್ಮಷ್ಟು ಸಲ ರೆಪ್ಪೆ ಮಿಟುಕಿಸದು, ನಮ್ಮಷ್ಟು ಕಣ್ಣೀರು ಸುರಿಸದು. ಮೇಲಾಗಿ ಅದಕ್ಕೆ ನಮಗಿಲ್ಲದ ಮೂರನೆಯ ರೆಪ್ಪೆಯೊಂದುಂಟು. ಒಂದೇ ವಸ್ತುಗಳನ್ನು ಹಲವು ಪ್ರಯೋಗಾಲಯಗಳಿಗೆ ಕೊಟ್ಟು ನೋಡಿದ 1971ರ ಅಧ್ಯಯನದಲ್ಲಂತೂ ಒಬ್ಬರು ಉಗ್ರವೆಂದದ್ದನ್ನು ಮತ್ತೊಬ್ಬರು ಸೌಮ್ಯವೆಂದಿದ್ದರು.

ಈಗ ಅನ್ಯಮಾರ್ಗಗಳಿವೆ. ಆಹಾರಕ್ಕೆಂದು ಕೊಂದ ದನದ ಕಣ್ಣಿನ ಪಟಲವನ್ನು ಬಿಡಿಸಿ, ವಸ್ತುವನ್ನು ಸೋಕಿಸಿ, ಅದರೊಳಗಿಂದ ಬೆಳಕು ಎಷ್ಟು ಹಾಯುವುದು, ಬಣ್ಣ ಎಷ್ಟು ಜಿನುಗುವುದು ಎಂದು ಅಳೆಯುವ ವಿಧಾನಕ್ಕೆ 2009ರಲ್ಲೇ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. 2015ರಲ್ಲಿ ಮಾನ್ಯವಾದ ವಿಧಾನವು ಇನ್ನೂ ಮನೋಹರವಾದದ್ದು: ಮಾನವ ಜೀವಕೋಶಗಳನ್ನೇ ಪದರಪದರವಾಗಿ ಬೆಳೆಸಿ, ಅವುಗಳ ಮೇಲೆ ವಸ್ತುವನ್ನಿಟ್ಟು ತೊಳೆದು, ಜೀವಂತ ಕೋಶಗಳಲ್ಲಿ ಮಾತ್ರ ನೀಲಿಗೆ ತಿರುಗುವ ಬಣ್ಣವೊಂದನ್ನು ಉಣಿಸುತ್ತಾರೆ, ಶೇಕಡ 60ಕ್ಕಿಂತ ಹೆಚ್ಚು ಬದುಕಿ ಉಳಿದರೆ ವಸ್ತು ನಿರುಪದ್ರವಿಯೆಂದು ಎಣಿಕೆ. ಯಾವ ಒಂದು ವಿಧಾನವೂ ತಾನೊಂದೇ ಸರ್ವಸಮರ್ಥವಲ್ಲ, ತೀರ ಉಗ್ರವೂ ಅಲ್ಲದ ತೀರ ಸೌಮ್ಯವೂ ಅಲ್ಲದ ವಸ್ತುಗಳ ನಿರ್ಣಯ ಇನ್ನೂ ಕಠಿನವೇ ಎಂಬುದನ್ನು ಮುಚ್ಚಿಡಲಾಗದು. ಆದುದರಿಂದಲೇ ಎರಡು ಮೂರು ವಿಧಾನಗಳನ್ನು ಜೋಡಿಸಿ ತೀರ್ಮಾನಿಸುವ ಕ್ರಮ ರೂಢಿಗೆ ಬರುತ್ತಿದೆ.

2014ರಲ್ಲಿ ನಮ್ಮ ಕೇಂದ್ರ ಸರ್ಕಾರವು ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುವುದನ್ನು ನಿಷೇಧಿಸಿತು. ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ಮುಖಕ್ಕೆ ಬಳಿಯುವ ಪೌಡರಿಗೆ ಸಿಕ್ಕ ನ್ಯಾಯ ಶೌಚಾಲಯ ತೊಳೆಯುವ ದ್ರಾವಣಕ್ಕೂ ಕೀಟನಾಶಕಕ್ಕೂ ಆ ನಿಯಮದಿಂದ ಸಿಗಲಿಲ್ಲ. ಸಾಮಾನ್ಯರ ಮಾತಿಗೆ ಬೆಲೆಯಿಲ್ಲವೆಂದು ಕೈಕಟ್ಟಿ ಕೂರುವವರು, 1980ರಲ್ಲಿ ಹೆನ್ರಿ ಸ್ಪೈರಾ ಎಂಬ ನ್ಯೂಯಾರ್ಕಿನ ಶಾಲಾ ಉಪಾಧ್ಯಾಯರು ಪತ್ರಿಕೆಯಲ್ಲಿ ಪೂರ್ಣಪುಟದ ಜಾಹೀರಾತು ಹಾಕಿಸಿ, ದೊಡ್ಡ ಪ್ರಸಾಧನ ಕಂಪನಿಯೊಂದು ಪರ್ಯಾಯಗಳ ಸಂಶೋಧನೆಗೆ ಹಣ ತೆಗೆದಿಡುವಂತೆ ಮಾಡಿದುದನ್ನು ನೆನೆಯಬೇಕು.

ಆದಕಾರಣ ನನ್ನ ಪ್ರಾರ್ಥನೆ ಇಷ್ಟೆ. ನಿಮ್ಮ ಮನೆಯಲ್ಲಿರುವ ಬಾಟಲಿಯ ಹಿಂಬದಿಯಲ್ಲಿ ಗ್ರಾಹಕರಿಗೆಂದು ಅಚ್ಚಾದ ವಿಳಾಸಕ್ಕೆ, ಇದರ ಕಣ್ಣಿನ ಸುರಕ್ಷತೆಯನ್ನು ಯಾವ ವಿಧಾನದಿಂದ ಪರೀಕ್ಷಿಸಿದಿರೆಂದು ಕೇಳಿ ಒಂದು ಪತ್ರ ಬರೆಯಿರಿ. ಮಾನ್ಯವಾದ ಪರ್ಯಾಯವಿರುವೆಡೆ ಮೊಲವನ್ನು ಬಳಸಕೂಡದೆಂಬ ನಿಯಮವನ್ನು ಗೃಹೋಪಯೋಗಿ ರಾಸಾಯನಿಕಗಳಿಗೂ ಕೃಷಿ ರಾಸಾಯನಿಕಗಳಿಗೂ ವಿಸ್ತರಿಸಬೇಕೆಂದು ನಿಮ್ಮ ಲೋಕಸಭಾ ಸದಸ್ಯರಿಗೆ ಇನ್ನೊಂದನ್ನು ಬರೆಯಿರಿ. ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ.