ಗೋಮುಖ ತೊಟ್ಟ ಬಂದೂಕು

1989ರ ಜನವರಿ 17ರಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಟಾಕ್‌ಟನ್ ಊರಿನ ಪ್ರಾಥಮಿಕ ಶಾಲೆಯೊಂದರ ಆಟದ ಬಯಲಿನಲ್ಲಿ ಒಬ್ಬ ಮನುಷ್ಯ ಮೂರು ನಿಮಿಷಗಳೊಳಗೆ ನೂರಕ್ಕೂ ಮಿಕ್ಕಿ ಗುಂಡು ಹಾರಿಸಿದ. ಐದು ಮಕ್ಕಳು ಸತ್ತವು. ಮೂವತ್ತರಷ್ಟು ಮಂದಿ ಗಾಯಗೊಂಡರು. ಸತ್ತ ಮಕ್ಕಳೆಲ್ಲ ಆರರಿಂದ ಒಂಬತ್ತು ವರ್ಷದವು. ನಾಲ್ಕು ಕಾಂಬೋಡಿಯದಿಂದ, ಒಂದು ವಿಯಟ್ನಾಮಿನಿಂದ ಬಂದು ನೆಲೆಸಿದ್ದ ನಿರಾಶ್ರಿತ ಕುಟುಂಬಗಳ ಕೂಸುಗಳು. ಯುದ್ಧದಿಂದ ತಪ್ಪಿಸಿಕೊಂಡು ಬಂದೆವೆಂದು ಉಸಿರುಬಿಟ್ಟಿದ್ದ ತಂದೆತಾಯಿಗಳ ಮಕ್ಕಳನ್ನು ಯುದ್ಧದ ಬಂದೂಕೇ ಹುಡುಕಿಕೊಂಡು ಬಂದಿತು.

ಆ ಬಂದೂಕು ಕದ್ದು ತಂದದ್ದಲ್ಲ, ಕಳ್ಳಸಾಗಣೆಯದೂ ಅಲ್ಲ. ನೆರೆಯ ಆರೆಗನ್ ರಾಜ್ಯದ ಅಂಗಡಿಯೊಂದರಲ್ಲಿ ಕಾನೂನಿನಂತೆ ದುಡ್ಡು ಕೊಟ್ಟು ಕೊಂಡದ್ದು. ಅದು ಚೀನದ ಸರ್ಕಾರಿ ಶಸ್ತ್ರಾಸ್ತ್ರ ನಿಗಮವಾದ ನೊರಿಂಕೊ ರಫ್ತು ಮಾಡಿದ್ದ 56ನೇ ಮಾದರಿಯ ರೈಫಲು. ಎಂದರೆ, ಚೀನದ ಸೈನಿಕ ಹೊತ್ತು ತಿರುಗುತ್ತಿದ್ದ ಕಲಾಷ್ನಿಕೋವ್ ಬಂದೂಕಿನ ನಾಗರಿಕ ಆವೃತ್ತಿ. ಕಾಂಬೋಡಿಯದ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ 1975-79ರ ಖಮೇರ್ ರೂಜ್ ಆಡಳಿತಕ್ಕೆ ಶಸ್ತ್ರ ಒದಗಿಸಿದವರಲ್ಲಿ ಇದೇ ಚೀನ ಮುಖ್ಯವಾದುದು ಎಂಬುದನ್ನು ವಾಚಕರು ನೆನೆಯಬೇಕು. ಒಂದೇ ದೇಶದ ಬಂದೂಕು ಒಮ್ಮೆ ಕ್ರಾಂತಿಯ ಹೆಸರಿನಲ್ಲಿ, ಇನ್ನೊಮ್ಮೆ ಕ್ರೀಡೆಯ ಹೆಸರಿನಲ್ಲಿ ಒಂದೇ ಜನದ ಬೆನ್ನು ಹತ್ತಿತು.

'ನಾಗರಿಕ ಆವೃತ್ತಿ' ಎಂಬ ಈ ಮಾತನ್ನೇ ನಾವು ಇಂದು ವಿಚಾರಿಸಬೇಕೆಂದಿದ್ದೇವೆ. ಸೈನ್ಯದ ರೈಫಲಿನಲ್ಲಿ ಒಂದು ಕೀಲಿ ಇರುತ್ತದೆ. ಅದನ್ನು ಒಂದು ಕಡೆಗೆ ಸರಿಸಿದರೆ ಕುದುರೆಯನ್ನು ಒಮ್ಮೆ ಎಳೆದಾಗ ಒಂದೇ ಗುಂಡು. ಇನ್ನೊಂದು ಕಡೆಗೆ ಸರಿಸಿದರೆ ಬೆರಳು ಎತ್ತುವವರೆಗೂ ಗುಂಡಿನ ಮಳೆ. ರಫ್ತಿನ ಬಂದೂಕಿನಲ್ಲಿ ಈ ಎರಡನೆಯ ಏರ್ಪಾಡನ್ನು ತೆಗೆದುಬಿಡುತ್ತಾರೆ. ಎಷ್ಟೋ ಸಲ ಬಯೊನೆಟ್ ಸಿಕ್ಕಿಸುವ ಕೊಂಡಿಯನ್ನೂ ತೆಗೆಯುತ್ತಾರೆ. ಹೆಸರು ಬದಲಾಯಿಸುತ್ತಾರೆ. ಉಳಿದದ್ದೆಲ್ಲ ಇದ್ದಂತೆಯೇ ಇರುತ್ತದೆ. ಅದೇ ನಳಿಗೆ, ಅದೇ ತೋಟಾ, ಒಂದು ಗುಂಡು ಹಾರಿದೊಡನೆ ತನ್ನಷ್ಟಕ್ಕೆ ಮುಂದಿನದನ್ನು ತುಂಬಿಕೊಳ್ಳುವ ಅದೇ ಯಂತ್ರ, ಮೂವತ್ತು ತೋಟಾ ಹಿಡಿಸುವ ಅದೇ ಮ್ಯಾಗಜೀನು. ಬೆರಳು ಎಷ್ಟು ಸಲ ಎಳೆಯಬಲ್ಲುದೋ ಅಷ್ಟು ಗುಂಡು. ಸ್ಟಾಕ್‌ಟನ್ನಿನಲ್ಲಿ ಮೂರು ನಿಮಿಷಕ್ಕೆ ನೂರು ಗುಂಡು ಹಾರಿದ್ದು ಹೀಗೆ. ಗೋಮುಖ ವ್ಯಾಘ್ರವೆಂಬ ಮಾತು ನಮ್ಮಲ್ಲಿದೆ. ಮುಖವಾಡ ಹಾಕಿದ್ದರಿಂದ ವ್ಯಾಘ್ರದ ಹಲ್ಲು ಉದುರುವುದಿಲ್ಲ.

ಇಂಥ ಬಂದೂಕುಗಳನ್ನು ಯಾಕೆ ಮಾಡುತ್ತಾರೆ? ಬೇಟೆಗಾರರು ಬೇಡಿದರೆಂದಲ್ಲ. ಸೈನ್ಯಕ್ಕೆಂದು ಕಟ್ಟಿದ ಕಾರ್ಖಾನೆಗೆ ಸೈನ್ಯದ ಬೇಡಿಕೆ ಇಳಿದಾಗ ಬೇರೆ ಗಿರಾಕಿ ಬೇಕಾಗುತ್ತದೆ. ಚೀನವು 1985ರಲ್ಲಿ ತನ್ನ ಸೈನ್ಯದಿಂದ ಹತ್ತು ಲಕ್ಷ ಮಂದಿಯನ್ನು ಕಡಿಮೆ ಮಾಡುವುದಾಗಿ ಸಾರಿತು. ಶಸ್ತ್ರಾಸ್ತ್ರದ ಕಾರ್ಖಾನೆಗಳು ತಮ್ಮ ಅನ್ನವನ್ನು ತಾವೇ ದುಡಿದುಕೊಳ್ಳಬೇಕೆಂಬ ನೀತಿ ಬಂದಿತು. ಸೈನಿಕನಿಲ್ಲದಿದ್ದರೆ ಅಮೆರಿಕದ ಅಂಗಡಿಯ ಗಿರಾಕಿಯಾದರೂ ಇರಲಿ, ಡಾಲರು ಬಂದರೆ ಸಾಕು ಎಂದಾಯಿತು. ಈ ಹಾದಿಯಲ್ಲಿ ಚೀನ ಒಂಟಿಯಲ್ಲ. ಜರ್ಮನಿ, ಬೆಲ್ಜಿಯಂ, ಆಸ್ಟ್ರಿಯ, ಇಸ್ರೇಲ್, ಹಂಗೇರಿ, ಯುಗೋಸ್ಲಾವಿಯ, ರೊಮೇನಿಯ, ಕಡೆಗೆ ರಷ್ಯ—ಎಲ್ಲವೂ ತಮ್ಮ ಸೈನ್ಯದ ರೈಫಲಿಗೆ ಒಂದು ನಾಗರಿಕ ಅಂಗಿ ತೊಡಿಸಿ ಅದೇ ಪೇಟೆಗೆ ಕಳುಹಿಸಿದವು. ಬಾವುಟದ ಬಣ್ಣ ಬೇರೆ ಬೇರೆ, ಸರಕು ಒಂದೇ.

ಕೊಳ್ಳುವ ದೇಶದ ಕಾನೂನು ಏನು ಮಾಡುತ್ತಿತ್ತೆಂದು ಕೇಳಬಹುದು. 1963ರಲ್ಲಿ ಅಧ್ಯಕ್ಷ ಕೆನೆಡಿಯವರನ್ನು ಕೊಂದದ್ದೂ ಇಟಲಿಯ ಸೈನ್ಯದ ಹಳೆಯ ರೈಫಲು. ಅಂಚೆಯ ಮೂಲಕ ತರಿಸಿಕೊಂಡದ್ದು. ಅನಂತರ 1968ರಲ್ಲಿ ಬಂದ ಕಾನೂನು, ಕ್ರೀಡೆಗೆ ಒಗ್ಗುವ ಬಂದೂಕು ಮಾತ್ರ ಹೊರಗಿನಿಂದ ಬರಬಹುದೆಂದು ಹೇಳಿತು. ಆದರೂ ಸೈನ್ಯದ ಮಾದರಿಯ ರೈಫಲುಗಳು ಬರುತ್ತಲೇ ಇದ್ದವು. ಸ್ಟಾಕ್‌ಟನ್ನಿನ ಮಕ್ಕಳು ಸತ್ತ ಮೇಲೆ 1989ರ ಮಾರ್ಚಿನಲ್ಲಿ ಅವುಗಳ ಆಮದನ್ನು ತಡೆದು, ಜುಲೈನಲ್ಲಿ 43 ಬಗೆಯವನ್ನು ಖಾಯಂ ನಿಷೇಧಿಸಿದರು. ಇವು ಕ್ರೀಡೆಯವಲ್ಲ ಎಂದು ಗುರುತಿಸಲು ನೋಡಿದ್ದು ಹೆಚ್ಚಾಗಿ ಹೊರಲಕ್ಷಣಗಳನ್ನು: ಪಿಸ್ತೂಲಿನಂಥ ಹಿಡಿ, ಬಯೊನೆಟ್ಟಿನ ಕೊಂಡಿ, ಮಡಚುವ ಹಿಂಬದಿ ಇತ್ಯಾದಿ.

ಸರ್ಕಾರ ಚಾಪೆಯ ಕೆಳಗೆ ತೂರಿದರೆ ವ್ಯಾಪಾರಿ ರಂಗೋಲಿಯ ಕೆಳಗೆ ತೂರಿದ. ಪಿಸ್ತೂಲಿನ ಹಿಡಿ ತಾನೇ ಕೂಡದು? ಹೆಗಲಿಗೆ ಒತ್ತಿಕೊಳ್ಳುವ ಮರದ ಭಾಗವನ್ನೇ ಮುಂದಕ್ಕೆ ಬೆಳೆಸಿ, ಹೆಬ್ಬೆರಳು ತೂರುವಷ್ಟು ಒಂದು ತೂತು ಕೊರೆದರು. ಕೊಂಡಿಯನ್ನು ಅರೆದು ಹಾಕಿದರು. ಆ ಬಂದೂಕಿಗೆ ಮ್ಯಾಕ್-90 ಎಂದು ಹೆಸರಿಟ್ಟರು. 'ಮಾರ್ಪಡಿಸಿದ ಎಕೆ, 1990' ಎಂಬುದರ ಹ್ರಸ್ವರೂಪವಂತೆ. ತಪ್ಪಿಸಿಕೊಂಡದ್ದನ್ನು ಹೆಸರಿನಲ್ಲೇ ಸಾರಿಕೊಂಡ ಧೈರ್ಯವನ್ನು ಮೆಚ್ಚಬೇಕೋ ಏನೋ! ಚೀನದ ಬಂದೂಕು ಮದ್ದುಗುಂಡುಗಳ ಆಮದನ್ನು ಅಧ್ಯಕ್ಷ ಕ್ಲಿಂಟನ್ 1994ರಲ್ಲಿ ನಿಲ್ಲಿಸುವವರೆಗೂ ಈ ತೂತಿನ ಮೂಲಕ ವ್ಯಾಪಾರ ಸಾಗಿತು. ಬಿಳಿಯ ವ್ಯಾಪಾರದ ಬೆನ್ನಿಗೆ ಕಪ್ಪು ವ್ಯಾಪಾರವೂ ಬೆಳೆದಿತ್ತು. 1996ರಲ್ಲಿ ಎರಡು ಸಾವಿರ ಅಸಲಿ ಸ್ವಯಂಚಾಲಿತ ರೈಫಲುಗಳು ಚೀನದಿಂದ ಓಕ್‌ಲೆಂಡ್ ಬಂದರಿಗೆ ಬಂದಾಗ ಅಮೆರಿಕದ ಅಧಿಕಾರಿಗಳು ಹಿಡಿದರು. ಮೊಕದ್ದಮೆಯಲ್ಲಿ ಚೀನದ ಸರ್ಕಾರಿ ಕಂಪನಿಗಳ ಪ್ರತಿನಿಧಿಗಳ ಹೆಸರುಗಳಿದ್ದವು.

ಹೊರಲಕ್ಷಣ ನೋಡುವುದು ನಿರರ್ಥಕವೆಂದು ಅಮೆರಿಕದ ಸರ್ಕಾರಕ್ಕೆ ಅರಿವಾಗಲು ಒಂಬತ್ತು ವರ್ಷ ಹಿಡಿಯಿತು. 1998ರ ಏಪ್ರಿಲಿನಲ್ಲಿ ಹೀಗೆ ಮಾರ್ಪಡಿಸಿದ 58 ಬಗೆಯ ರೈಫಲುಗಳನ್ನು ನಿಷೇಧಿಸಿದಾಗ ಮೊದಲ ಬಾರಿಗೆ ಸರಿಯಾದ ಪ್ರಶ್ನೆ ಕೇಳಿದರು: ಈ ಬಂದೂಕು ಸೈನ್ಯದ ದೊಡ್ಡ ಮ್ಯಾಗಜೀನನ್ನು ಹಿಡಿಸುತ್ತದೆಯೋ ಇಲ್ಲವೋ? ಆದರೆ ಅಷ್ಟರಲ್ಲಿ ವ್ಯಾಪಾರಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದ. ರೊಮೇನಿಯದ ಕುಜೀರ್ ಊರಿನ ಕಾರ್ಖಾನೆಯ ವಾಸರ್-10 ಎಂಬ ರೈಫಲು ಹತ್ತೇ ತೋಟಾಗಳ ಸಾಧು ಬಂದೂಕಾಗಿ ಬಂದರಿನಲ್ಲಿ ಇಳಿಯಿತು. ಆಮದು ಕಂಪನಿಯವರು ಅದಕ್ಕೆ ಅಮೆರಿಕದಲ್ಲೇ ತಯಾರಾದ ಕೆಲವು ಬಿಡಿಭಾಗಗಳನ್ನು ಜೋಡಿಸಿ, ದೊಡ್ಡ ಮ್ಯಾಗಜೀನು ಹಿಡಿಸುವಂತೆ ಮಾಡಿ, 'ಇದು ಈಗ ಸ್ವದೇಶಿ' ಎಂದು ಮಾರಿದರು. ಕಾನೂನಿನ ಅಕ್ಷರಕ್ಕೆ ಎಲ್ಲಿಯೂ ಭಂಗ ಬರಲಿಲ್ಲ.

ಇನ್ನೊಂದು ಮಾತನ್ನೂ ಹೇಳದೆ ಗತ್ಯಂತರವಿಲ್ಲ. 1989ರ ನಿಷೇಧ ಆಮದಿಗೆ ಮಾತ್ರ. ಅದೇ ಬಗೆಯ ರೈಫಲನ್ನು ಅಮೆರಿಕದ ಬಂಡವಾಳಗಾರ ತನ್ನ ಕಾರ್ಖಾನೆಯಲ್ಲಿ ಮಾಡಿ ಮಾರುವುದಕ್ಕೆ ಅಡ್ಡಿಯಿರಲಿಲ್ಲ. 1994ರ ಸೆಪ್ಟೆಂಬರಿನಲ್ಲಿ ಬಂದ ಕಾನೂನು ಅವನ ಕೆಲವು ಮಾದರಿಗಳನ್ನು ತಡೆದರೂ ಅದು ಮತ್ತೆ ಹೊರಲಕ್ಷಣಗಳ ಪಟ್ಟಿಯನ್ನೇ ಹಿಡಿದು ಕೂತಿತು; 2004ರಲ್ಲಿ ಅವಧಿ ಮುಗಿದಾಗ ಅದನ್ನು ನವೀಕರಿಸುವವರೂ ಇರಲಿಲ್ಲ. ಹೊರಗಿನ ಬಂದೂಕು ತಡೆದು ಒಳಗಿನದನ್ನು ಬಿಟ್ಟರೆ ಮಕ್ಕಳ ರಕ್ಷಣೆಗಿಂತ ಮೊದಲು ಆಗುವುದು ಸ್ಥಳೀಯ ಲಾಭದ ರಕ್ಷಣೆ.

ಇದರ ಫಲ ಅಮೆರಿಕದ ಗಡಿಯೊಳಗೇ ನಿಲ್ಲಲಿಲ್ಲ. ಪಕ್ಕದ ಮೆಕ್ಸಿಕೋ ಬಡ ದೇಶ. ಅಲ್ಲಿನ ಬಂದೂಕು ಕಾನೂನು ಬಿಗಿಯಾದುದು. ಜನರಿಗೆ ಕಾನೂನಿನಂತೆ ಬಂದೂಕು ಮಾರುವುದು ಅಲ್ಲಿ ಸೈನ್ಯವೊಂದೇ. ಆದರೆ ಗಡಿಯಾಚೆಯ ಅಂಗಡಿಗಳಲ್ಲಿ ಬಾಡಿಗೆ ಗಿರಾಕಿಗಳ ಹೆಸರಿನಲ್ಲಿ ಕೊಂಡ ರೈಫಲುಗಳು ಮಾದಕದ್ರವ್ಯದ ದಂಧೆಯವರ ಕೈಸೇರಿದವು. ವಶವಾದ ಬಂದೂಕುಗಳ ಜಾಡು ಹಿಡಿದು ಹೋದಾಗ ರೊಮೇನಿಯದ ವಾಸರ್ ರೈಫಲು ಮತ್ತೆ ಮತ್ತೆ ಕಾಣಿಸಿಕೊಂಡಿತು. 2010ರ ಡಿಸೆಂಬರಿನಲ್ಲಿ ಅರಿಜೋನದಲ್ಲಿ ಅಮೆರಿಕದ ಗಡಿ ಪಹರೆಯ ಅಧಿಕಾರಿಯೊಬ್ಬರು ಗುಂಡಿಗೆ ಬಲಿಯಾದ ಸ್ಥಳದಲ್ಲಿ ಸಿಕ್ಕ ಎರಡು ರೈಫಲುಗಳೂ ಅವೇ. ಅವು ಅಂಗಡಿಯಲ್ಲಿ ಬಿಕರಿಯಾದಾಗ ಸರ್ಕಾರದ ಬಂದೂಕು ಇಲಾಖೆ ದಂಧೆಯ ಮೂಲ ಹಿಡಿಯುತ್ತೇವೆಂದು ನೋಡುತ್ತಾ ಕೂತಿತ್ತೆಂಬುದು ಆಮೇಲೆ ಬಯಲಾಯಿತು. ಮೆಕ್ಸಿಕೋ ಸರ್ಕಾರ 2021ರಲ್ಲಿ ಬಂದೂಕು ತಯಾರಕರ ಮತ್ತು ವಿತರಕರ ಮೇಲೆ ಅಮೆರಿಕದ ನ್ಯಾಯಾಲಯದಲ್ಲಿಯೇ ದಾವೆ ಹೂಡಿತು. 2005ರಲ್ಲಿ ಬಂದೂಕು ಉದ್ಯಮವನ್ನು ಕಾಯಲೆಂದೇ ಮಾಡಿದ ಕಾನೂನೊಂದಿದೆ. ಅದರ ಆಧಾರದ ಮೇಲೆ 2025ರ ಜೂನ್ 5ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಆ ದಾವೆಗೆ ಬಾಗಿಲು ಮುಚ್ಚಿತು.

ದಾರಿಯೇ ಇಲ್ಲವೆಂದಲ್ಲ. 1996ರಲ್ಲಿ ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ 35 ಜನರ ಕೊಲೆಯಾಯಿತು. ಕೊಲೆಗಾರನ ಕೈಯಲ್ಲಿದ್ದವುಗಳಲ್ಲಿ ಒಂದು ಅಮೆರಿಕದಿಂದ ಬಂದ ಎಆರ್-15, ಸೈನ್ಯದ ಎಂ-16 ರೈಫಲಿನ ನಾಗರಿಕ ರೂಪ. ಅಲ್ಲಿನ ಸರ್ಕಾರ ಸಮಾಜವಾದಿಗಳದೇನಲ್ಲ, ಕನ್ಸರ್ವೇಟಿವ್ ಪಕ್ಷಗಳದು. ಆದರೂ ಅದು ಹಿಡಿಯ ಆಕಾರ, ಕೊಂಡಿಯ ಅಳತೆ ನೋಡುತ್ತಾ ಕೂರಲಿಲ್ಲ. ತನ್ನಷ್ಟಕ್ಕೆ ತುಂಬಿಕೊಳ್ಳುವ ರೈಫಲು ಸಾಮಾನ್ಯ ಜನರಿಗೆ ಕೂಡದು ಎಂದಿತು; ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆದು ನಾಶ ಮಾಡಿತು. 2019ರ ಮಾರ್ಚಿನಲ್ಲಿ ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ 51 ಜನ ಹತರಾದಾಗ ನ್ಯೂಜಿಲೆಂಡ್ ಒಂದು ತಿಂಗಳೊಳಗೆ ಇದೇ ದಾರಿ ಹಿಡಿಯಿತು.

ನಮ್ಮ ದೇಶದಲ್ಲಿಯೂ ಒಂದು ಹಳೆಯ ಉದಾಹರಣೆಯಿದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟಾ ಪ್ರಜೆಗಳಿಗೆ ನಿಷಿದ್ಧವಾಗಿತ್ತು. ಬಂಗಾಳದ ಈಷಾಪುರದ ಕಾರ್ಖಾನೆ ಲೈಸೆನ್ಸುದಾರರಿಗೆಂದು ಮಾಡುತ್ತಾ ಬಂದದ್ದು .315 ಬೋರಿನ ರೈಫಲು. ಅದೂ ಸೈನ್ಯದ ಮಾದರಿಯದೇ. ಆದರೆ ಸೈನ್ಯದ ತೋಟಾ ಅದಕ್ಕೆ ಹಿಡಿಸದು, ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟು ಎಳೆಯಬೇಕು. ಪರಕೀಯ ಆಳರಸರು ಹೀಗೆ ಮಾಡಿದ್ದು ಪ್ರಜೆಗಳ ಮೇಲಿನ ಮಮತೆಯಿಂದಲ್ಲ, ಭಯದಿಂದ. ಆದರೂ ಸೈನ್ಯದ ಬಂದೂಕಿಗೂ ನಾಗರಿಕನ ಬಂದೂಕಿಗೂ ನಿಜವಾದ ವ್ಯತ್ಯಾಸ ಮಾಡುವುದು ಸಾಧ್ಯವೆಂದು ಇದರಿಂದ ತಿಳಿಯುತ್ತದೆ. ಮರಕ್ಕೆ ತೂತು ಕೊರೆಯುವುದು ವ್ಯತ್ಯಾಸವಲ್ಲ.

ಈ ವ್ಯಾಪಾರದ ಪರವಾಗಿ ಹೇಳುವವರ ಮಾತು ಎರಡು. ಕೊಳ್ಳುವ ದೇಶದ ಕಾನೂನು ಒಪ್ಪಿದ ಮೇಲೆ ಮಾರುವವನದೇನು ತಪ್ಪು ಎಂಬುದು ಒಂದು. ಹಾಗಾದರೆ ಚೀನ ತನ್ನ ಪ್ರಜೆಗೆ ಅದೇ ಬಂದೂಕನ್ನು ಯಾಕೆ ಮಾರುವುದಿಲ್ಲ? ಅಲ್ಲಿ ಸಾಮಾನ್ಯ ಮನುಷ್ಯನ ಮನೆಯಲ್ಲಿ ಅಂಥ ರೈಫಲು ಸಿಕ್ಕಿದರೆ ಸೆರೆಮನೆ. ತನ್ನ ಬೀದಿಯಲ್ಲಿ ಅಪಾಯವೆಂದು ಬಲ್ಲದ್ದನ್ನು ಪರರ ಬೀದಿಗೆ ಕಳುಹಿಸುವುದು ಪುರಾಣ ಹೇಳಿ ಬದನೆಕಾಯಿ ತಿಂದಂತೆ. ಕಾರ್ಮಿಕರ ಹೊಟ್ಟೆಪಾಡಿನ ಮಾತು ಎರಡನೆಯದು. ಇದನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಕುಜೀರಿನಂಥ ಊರಿನಲ್ಲಿ ಕಾರ್ಖಾನೆ ಮುಚ್ಚಿದರೆ ಊರೇ ಮುಚ್ಚುತ್ತದೆ. ಆದರೆ ಆ ಕಾರ್ಮಿಕನಿಗೆ ಬೇರೆ ಕೆಲಸ ಕೊಡುವುದು ಕಾರ್ಖಾನೆಯ ಒಡೆಯನಾದ ಸರ್ಕಾರದ ಹೊಣೆ. ಆ ಹೊಣೆಯನ್ನು ಜಾರಿಸಿ, ಅವನ ಹಸಿವನ್ನೇ ಮುಂದೊಡ್ಡಿ ಬಂದೂಕು ಮಾರುವುದು ಅವನಿಗೂ ಮಾಡುವ ಅವಮಾನ.

ಸಮಾಜವಾದಿಗಳಾದ ನಮಗೆ ಇಲ್ಲಿ ಕಹಿಯಾದ ಪಾಠವೊಂದಿದೆ. ಶಸ್ತ್ರಾಸ್ತ್ರದ ಕಾರ್ಖಾನೆ ಖಾಸಗಿ ಲಾಭಕೋರರ ಕೈಯಲ್ಲಿರಬಾರದು, ಸರ್ಕಾರದ ಒಡೆತನದಲ್ಲಿರಬೇಕು ಎಂದು ನಾವು ಎಂದಿನಿಂದಲೂ ವಾದಿಸಿದ್ದೇವೆ, ಇಂದೂ ವಾದಿಸುತ್ತೇವೆ. ಆದರೆ ನೊರಿಂಕೊ ಸರ್ಕಾರದ್ದೇ ಆಗಿತ್ತು. ಕುಜೀರಿನ ಕಾರ್ಖಾನೆಯೂ ಸರ್ಕಾರದ್ದೇ. ಒಡೆತನದ ಫಲಕ ಬದಲಾಯಿಸಿ ಲಾಭದ ಲೆಕ್ಕವನ್ನು ಹಾಗೆಯೇ ಇಟ್ಟುಕೊಂಡರೆ ಸರ್ಕಾರವೇ ದಿನಸಿ ಅಂಗಡಿಯ ಶೆಟ್ಟಿಯಾಗುತ್ತದೆ. ಜನರ ಕಾರ್ಖಾನೆ ಏನನ್ನು, ಎಷ್ಟು, ಯಾರಿಗೆ ಮಾರಿತೆಂದು ಜನರಿಗೆ ಕೇಳುವ ಹಕ್ಕಿಲ್ಲದಿದ್ದರೆ ಅದು ಜನರ ಕಾರ್ಖಾನೆಯಲ್ಲ.

ಇದು ದೂರದ ದೇಶಗಳ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 2021ರ ಅಕ್ಟೋಬರ್ 1ರಂದು ನಮ್ಮ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದರು. ಅದನ್ನು ವಿರೋಧಿಸಿ ಮುಷ್ಕರಕ್ಕೆ ಸಿದ್ಧರಾಗಿದ್ದ ಕಾರ್ಮಿಕರ ಬಾಯಿಯನ್ನು ಸುಗ್ರೀವಾಜ್ಞೆಯಿಂದ ಕಟ್ಟಿದರು. ಕಂಪನಿಯೆಂದ ಮೇಲೆ ಗಿರಾಕಿ ಹುಡುಕಲೇಬೇಕು. 2024-25ರಲ್ಲಿ ಭಾರತದ ರಕ್ಷಣಾ ಸಾಮಗ್ರಿಯ ರಫ್ತು 23,622 ಕೋಟಿ ರೂಪಾಯಿ ಮುಟ್ಟಿತು. 2029ರ ಹೊತ್ತಿಗೆ 50,000 ಕೋಟಿಯ ಗುರಿಯಿದೆ. ಉತ್ತರ ಪ್ರದೇಶದ ಕೊರ್ವಾದಲ್ಲಿ ರಷ್ಯದೊಡನೆ ಸೇರಿ ಕಲಾಷ್ನಿಕೋವಿನ ಹೊಸ ಪೀಳಿಗೆಯಾದ ಎಕೆ-203 ತಯಾರಾಗುತ್ತಿದೆ. ನಮ್ಮ ಬೆಂಗಳೂರಿನ ಖಾಸಗಿ ಕಂಪನಿಯೊಂದು ಹೊರದೇಶಕ್ಕೆ ಸ್ನೈಪರ್ ರೈಫಲು ಮಾರಿದ್ದನ್ನು 2024ರಲ್ಲಿ ಪತ್ರಿಕೆಗಳು ಹೆಮ್ಮೆಯಿಂದ ವರದಿ ಮಾಡಿದವು. ಇವೆಲ್ಲ ಸೈನ್ಯಗಳಿಗೆಂದು ಮಾಡುವ ಬಂದೂಕುಗಳು. ಆದರೆ ಸೈನ್ಯದ ಬೇಡಿಕೆ ತೀರಿದ ದಿನ ಈ ಕಂಪನಿಗಳ ಲೆಕ್ಕಿಗರೂ ನೊರಿಂಕೊದ ಲೆಕ್ಕಿಗರು ಹಾಕಿದ ಲೆಕ್ಕವನ್ನೇ ಹಾಕುವರು. ಶಸ್ತ್ರ ವ್ಯಾಪಾರವನ್ನು ಅಂಕೆಯಲ್ಲಿಡಲು ವಿಶ್ವಸಂಸ್ಥೆ 2013ರಲ್ಲಿ ಅಂಗೀಕರಿಸಿದ ಒಪ್ಪಂದದ ಮೇಲೆ ಮತ ಹಾಕದೆ ಉಳಿದ ದೇಶಗಳಲ್ಲಿ ಭಾರತವೂ ಒಂದು ಎಂಬುದನ್ನು ಮರೆಯಬಾರದು.

ಮಲೆನಾಡಿನ ರೈತ ಕಾಡುಹಂದಿಯಿಂದ ಗದ್ದೆ ಕಾಯಲು ಇಟ್ಟುಕೊಂಡ ಒಂಟಿನಳಿಗೆ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸಿ ರಸೀತಿ ಪಡೆಯುತ್ತಾನೆ. ಒಂದು ಕೋವಿಯ ಲೆಕ್ಕವನ್ನು ಇಷ್ಟು ಬಿಗಿಯಾಗಿ ಕೇಳುವ ಸರ್ಕಾರ ತಾನು ಸಾವಿರಗಟ್ಟಲೆ ರೈಫಲು ಮಾರುವಾಗ ಅದರ ಲೆಕ್ಕವನ್ನು ಪಾರ್ಲಿಮೆಂಟಿಗೆ ಕೊಡಲಿ. ಯಾವ ಬಂದೂಕು, ಎಷ್ಟು, ಯಾವ ದೇಶದ ಯಾರಿಗೆ, ಅಲ್ಲಿಂದ ಮುಂದೆ ಯಾರ ಕೈಗೆ—ಇದನ್ನು ವರ್ಷವರ್ಷವೂ ಪ್ರಕಟಿಸಲಿ. ಸ್ವದೇಶದ ಪ್ರಜೆಗೆ ಕೊಡಬಾರದೆಂದು ಕಾನೂನು ಹೇಳುವ ಬಂದೂಕನ್ನು ಯಾವ ವೇಷದಲ್ಲಿಯೂ ಪರದೇಶದ ಅಂಗಡಿಗೆ ಮಾರುವುದಿಲ್ಲವೆಂದು ಈಗಲೇ ಕಾನೂನು ಮಾಡಲಿ. ಬೇಡಿಕೆ ಇಳಿದಾಗ ಕಾರ್ಖಾನೆಯ ಕಾರ್ಮಿಕರಿಗೆ ಬೇರೆ ಉತ್ಪಾದನೆಯ ಕೆಲಸವನ್ನು ಖಾತರಿ ಮಾಡಲಿ. ನಮ್ಮ ಜಿಲ್ಲೆಯಿಂದ ಪಾರ್ಲಿಮೆಂಟಿಗೆ ಹೋದವರು ಮುಂದಿನ ಅಧಿವೇಶನದಲ್ಲಿ ಈ ಮೂರು ಪ್ರಶ್ನೆಗಳನ್ನು ಎತ್ತುವರೇ ಎಂದು ನಾವು ಕೇಳುತ್ತೇವೆ. ವಾಚಕರೂ ಅವರನ್ನು ಕಂಡಾಗ ಕೇಳಬೇಕು.