ನೂಲಿನ ಬಣ್ಣ ಕೇಕಿಗೆ ಬ್ಯಾಡ

ಬನಹಟ್ಟಿಯಲ್ಲಿ ಈಗ ಹುಟ್ಟುಹಬ್ಬ ಮುಂಜಾನೆ ಬರುವುದಿಲ್ಲ, ನಡುರಾತ್ರಿ ಹನ್ನೆರಡು ಹೊಡೆದಾಗ ಬರುತ್ತದೆ. ಎಣ್ಣೆ ಹಚ್ಚಿ ಎರೆದು, ಆರತಿ ಬೆಳಗಿ, ಹೋಳಿಗೆ ಉಣಿಸಿದರೆ ಹುಟ್ಟುಹಬ್ಬ ಮುಗಿಯುತ್ತಿದ್ದ ಕಾಲ ಹೋಯಿತು. ಈಗ ಓಣಿಯ ಹುಡುಗರು ಬೈಕಿನ ಸೀಟಿನ ಮೇಲೆ ಕೇಕು ಇಟ್ಟು ಕತ್ತರಿಸಬೇಕು, ಅರ್ಧ ತಿಂದು ಅರ್ಧ ಗೆಳೆಯನ ಮೋತಿಗೆ ಬಳಿಯಬೇಕು. ಡಿಸೆಂಬರ್ 31ರ ರಾತ್ರಿಯಂತೂ ಕೇಳುವುದೇ ಬೇಡ.

ಈ ಗದ್ದಲದ ನಡುವೆ ಬಂದದ್ದು ಕಪ್ ಕೇಕು. ಬಟ್ಟಲಿನಷ್ಟು ಗಾತ್ರ, ಮೇಲೆ ಹುಲಿಯ ಮುಖ, ಕ್ರಿಕೆಟ್ ಚೆಂಡು, ಕಣ್ಣು ಹೊಡೆಯುವ ಬೆಕ್ಕು. ಸಣ್ಣ ಹುಡುಗನ ಹುಟ್ಟುಹಬ್ಬವಾದರೆ ಜೆಸಿಬಿಯೇ ಬೇಕು! ಚಾಕು ಬೇಡ, ತಟ್ಟೆ ಬೇಡ, ತಲೆಗೊಂದು. ಮೋತಿಗೆ ಬಳಿಯುವವನೂ ತನ್ನ ಪಾಲಿನದನ್ನೇ ಬಳಿಯಬೇಕು. ಅಷ್ಟರ ಮಟ್ಟಿಗೆ ಇದು ಸುಧಾರಣೆಯೇ.

ಬೇಕರಿಯವರಷ್ಟೇ ಅಲ್ಲ, ಮನೆಯ ಹೆಣ್ಣುಮಕ್ಕಳೂ ಇದಕ್ಕೆ ಕೈ ಹಾಕಬಹುದು. ದೊಡ್ಡ ಭಟ್ಟಿ ಬೇಕಿಲ್ಲ. ಸಣ್ಣ ಕರೆಂಟಿನ ಒಲೆ, ಒಂದಿಷ್ಟು ತಗಡಿನ ಬಟ್ಟಲು, ಕಾಗದದ ಕಪ್ಪು ಇದ್ದರೆ ಸಾಕು. ಮೊಟ್ಟೆ ಮುಟ್ಟದ ಮನೆಗಳಿಗೆ ಮೊಸರು, ಸೋಡಾ ಹಾಕಿದರೂ ಉಬ್ಬುತ್ತದೆ. ಹಗಲೆಲ್ಲ ಕಂಡಿಕೆ ಸುತ್ತಿದ ಕೈ ರಾತ್ರಿ ಕೇಕಿನ ಮೇಲೆ ಹೂ ಬಿಡಿಸಿ ನಾಲ್ಕು ಕಾಸು ಕಂಡರೆ ಯಾರಪ್ಪನ ಗಂಟು ಹೋಗುತ್ತದೆ?

ಹಳೆಯ ಅಚ್ಚು, ಹೊಸ ಅಚ್ಚು

ಕಟ್ಟೆಯ ಮೇಲಿನ ಹಿರಿಯರಿಗೆ ಇದು ಸೇರುವುದಿಲ್ಲ. "ನಮ್ಮ ಕಾಲದಾಗ ಇಂಥಾ ಥಳಕು ಎಲ್ಲಿತ್ತೋ ತಮ್ಮಾ? ರಾತ್ರಿ ಹನ್ನೆರಡಕ್ಕ ತಿನ್ನೂದಂದ್ರ ಏನು?" ಎಂಬುದು ಅವರ ತಕರಾರು.

ಹಿರಿಯರು ಸ್ವಲ್ಪ ನೆನಪು ಮಾಡಿಕೊಳ್ಳಲಿ. ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಎಂಬುದೊಂದಿದೆಯಲ್ಲ! ಸಕ್ಕರೆ ಪಾಕ ಕಾಯಿಸಿ, ಹಾಲು ಬಿಟ್ಟು ಕೊಳೆ ತೆಗೆದು, ಕಟ್ಟಿಗೆಯ ಅಚ್ಚಿಗೆ ಸುರಿದರೆ ಆನೆ, ಕುದುರೆ, ತೇರು, ಗಿಳಿ ಎದ್ದು ಬರುತ್ತವೆ. ಹೊತ್ತು ಮುಳುಗಿದ ಮೇಲೆ ಹುಡುಗಿಯರು ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಆ ಗೊಂಬೆಗಳನ್ನೂ ದೀಪವನ್ನೂ ಇಟ್ಟುಕೊಂಡು ಗೌರಿಗೆ ಬೆಳಗಲು ಹೊರಡುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆ ಕುಪ್ಪಸದ ಜೊತೆ ಸಕ್ಕರೆ ಆರತಿ ಬರಲೇಬೇಕು. ರಾತ್ರಿಯ ಸಂಭ್ರಮಕ್ಕೆ ಚಿತ್ರವಿಚಿತ್ರ ಆಕಾರದ ಸಿಹಿ ಮಾಡುವುದು ನಮಗೇನು ಅಮೆರಿಕದವರು ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಸಣ್ಣ ಬಟ್ಟಲಿನಲ್ಲಿ ಕೇಕು ಬೇಯಿಸುವ ಮಾತು 1796ರ ಅಡುಗೆ ಪುಸ್ತಕದಲ್ಲಿದೆ. ನಮ್ಮ ಕಡೆ ಅಚ್ಚು ಪುಸ್ತಕದಲ್ಲಿಲ್ಲ, ಅಟ್ಟದ ಮೇಲಿದೆ. ಅಷ್ಟೇ ಫರಕು.

ಆದ್ದರಿಂದ ತಕರಾರು ಆಕಾರದ್ದೂ ಅಲ್ಲ, ರಾತ್ರಿಯದೂ ಅಲ್ಲ. ತಕರಾರು ಬಣ್ಣದ್ದು.

"ಕೆಂಪು ಜೋರ ಇರ್ಲಿ"

ಗಿರಾಕಿಯ ಮಾತು ಎಲ್ಲೆಡೆ ಒಂದೇ: "ಅಕ್ಕಾರ, ಕೆಂಪು ಸ್ವಲ್ಪ ಜೋರ ಇರ್ಲಿ, ಫೋಟೋದಾಗ ಎದ್ದು ಕಾಣಬೇಕ ನೋಡ್ರಿ." ಅಕ್ಕ ಏನು ಮಾಡಬೇಕು? ಒಂದು ಹನಿ ಹಾಕುವಲ್ಲಿ ಹತ್ತು ಹನಿ ಹಾಕುತ್ತಾಳೆ. ತಿನ್ನುವವರು ಯಾರು? ಐದು ವರ್ಷದ ಕೂಸು.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ರೋಡಮಿನ್-ಬಿ ಬಳಸಬಾರದೆಂದು ಕಟ್ಟಪ್ಪಣೆ ಹೊರಡಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಕಿನ ಸರದಿ ಬಂತು. ಆಹಾರ ಸುರಕ್ಷತೆ ಇಲಾಖೆ ಪರೀಕ್ಷಿಸಿದ 235 ಕೇಕಿನ ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಗೊತ್ತಾಯಿತು. ಸಿಕ್ಕಿದ್ದು ಅಲ್ಲೂರಾ ರೆಡ್, ಸನ್‌ಸೆಟ್ ಯೆಲ್ಲೋ, ಟಾರ್ಟ್ರಾಜಿನ್, ಕಾರ್ಮೋಸಿನ್ ಮುಂತಾದ ಬಣ್ಣಗಳು.

ಇಲ್ಲೊಂದು ಭೇದ ತಿಳಿದಿರಬೇಕು. ಈ ಎರಡನೆಯ ಗುಂಪಿನಲ್ಲಿ ಮಿತಿಯೊಳಗೆ ಬಳಸಬಹುದಾದ ಬಣ್ಣಗಳಿವೆ. ಮಿತಿ ದಾಟಿದರೆ ಕೆಡುಕು. ರೋಡಮಿನ್-ಬಿ ಹಾಗಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹನಿಯೂ ಸಲ್ಲದು. ಈ ಮಾತನ್ನು ಬೇರೆ ಊರಿಗೆ ಬಿಡಿಸಿ ಹೇಳಬೇಕಾಗಬಹುದು, ಬನಹಟ್ಟಿಗೆ ಹೇಳಬೇಕೇ? ನೂಲಿಗೆ ಬಣ್ಣ ಹಾಕಿದ ಕೈ ಸಾಬೂನಿಗೂ ಜಗ್ಗದೆ ಉಳಿಯುವುದನ್ನು ನೇಕಾರರ ಮನೆಯ ಕೂಸೂ ಕಂಡಿದೆ. ಸೀರೆಯ ಬಣ್ಣ ಬಿಟ್ಟರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ಕೇಕಿನ ಬಣ್ಣ ನಾಲಿಗೆಗೆ ಹತ್ತಿ ಮರುದಿನವೂ ಹೋಗದಿದ್ದರೆ ಅದೇ ಗಿರಾಕಿ ನಕ್ಕು ಫೋಟೋ ತೆಗೆಯುತ್ತಾನೆ. ಇದೆಂಥ ನ್ಯಾಯ?

ಸಕ್ಕರೆ ಆರತಿಗೂ ಇದೇ ಮಾತು. ಬೆಳ್ಳಗಿರುವ ಗೊಂಬೆ ಇದ್ದಂತೆಯೇ ಚಂದ. ಅದಕ್ಕೆ ಗುಲಾಬಿ, ಹಳದಿ ಬಳಿದು ಮಾರುವುದೂ ಇದೆ. ದೇವರ ಹೆಸರು ಹೇಳಿದ ಮಾತ್ರಕ್ಕೆ ಬಣ್ಣ ಪವಿತ್ರವಾಗುವುದಿಲ್ಲ.

ಆಗಬೇಕಾದ್ದೇನು?

ಬಣ್ಣವೇ ಬೇಕೆಂದರೆ ದಾರಿಗಳಿವೆ. ಬೀಟ್‌ರೂಟಿನ ರಸ ಹಿಟ್ಟಿಗೆ ಹಾಕಿದರೆ ಕಾವಿಗೆ ಕಂದುತ್ತದೆ, ಅದನ್ನು ಮೇಲಿನ ಕ್ರೀಮಿಗೆ ಹಾಕಲಿ. ಹಳದಿಗೆ ಅರಿಷಿಣ ಇದೆ, ಕಂದು ಬಣ್ಣಕ್ಕೆ ಕೋಕೋ ಇದೆ. ಮಹಾಲಿಂಗಪುರದ ಬೆಲ್ಲ ಮಗ್ಗುಲಲ್ಲೇ ಇದೆ. ಬೆಲ್ಲದ ಕೇಕು ತಾನಾಗಿ ಬಣ್ಣ ತಿರುಗುತ್ತದೆ, ಮೆತ್ತಗೂ ಇರುತ್ತದೆ. ಆಕಾರಕ್ಕೂ ಪರದೇಶದ ಬೆಕ್ಕೇ ಆಗಬೇಕೆಂದಿಲ್ಲ. ನೇಕಾರರ ಊರಿನ ಕೇಕಿನ ಮೇಲೆ ಒಂದು ಲಾಳಿ, ಒಂದು ಸೀರೆಯ ಸೆರಗು ಮೂಡಿದರೆ ಯಾರು ಬೇಡವೆಂದಾರು?

ಇನ್ನು ಅಧಿಕಾರಿಗಳ ಮಾತು. ಮನೆಯಲ್ಲಿ ಮಾಡಿ ಮಾರುವವರೂ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕೆಂಬುದು ಕಾನೂನು. 2011ರ ನಿಯಮ ಬಂದಾಗ ಸಣ್ಣವರಿಗೆ ವರ್ಷಕ್ಕೆ ನೂರು ರೂಪಾಯಿ ಶುಲ್ಕ ಇಟ್ಟಿದ್ದರು. ಹಣ ದೊಡ್ಡದಲ್ಲ, ಆದರೆ ಅರ್ಜಿ, ಕಂಪ್ಯೂಟರು, ಜಿಲ್ಲಾ ಕಚೇರಿಯ ಹೆಸರು ಕೇಳಿದರೇ ಅಂಜಿಕೆ. ಬಾಗಲಕೋಟೆಯ ಅಧಿಕಾರಿಗಳು ಡಿಸೆಂಬರಿಗೆ ಮುಂಚೆ ಒಂದು ದಿನ ಇಲ್ಲಿಗೇ ಬಂದು, ನಗರಸಭೆಯ ಸಭಾಭವನದಲ್ಲಿ ಕುಳಿತು, ನೋಂದಣಿ ಮಾಡಿಸಲಿ. ಯಾವ ಬಣ್ಣ ಸಲ್ಲುತ್ತದೆ, ಎಷ್ಟು ಹನಿ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಡಲಿ. ಆಮೇಲೆ ತಪ್ಪಿದವರಿಗೆ ದಂಡ ಹಾಕಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೇಳಿಕೊಡದೆ ದಾಳಿಗೆ ಬಂದರೆ ದೊಡ್ಡ ಅಂಗಡಿ ಹೇಗೋ ಉಳಿದೀತು, ಮನೆಯ ಸಣ್ಣ ಒಲೆ ಆರುತ್ತದೆ.

ಗಿರಾಕಿಗಳಿಗೂ ಒಂದು ಮಾತು. ಐವತ್ತು ಕೇಕು ಹೇಳಿ, ಮುಂಗಡ ಕೊಡದೆ, ಹನ್ನೊಂದೂವರೆಗೆ ಫೋನ್ ಮಾಡಿ "ಬ್ಯಾಡ್ರಿ ಅಕ್ಕಾರ" ಎಂದರೆ ಆ ಐವತ್ತನ್ನು ಮಾಡಿದವಳು ಎಲ್ಲಿಗೆ ಒಯ್ಯಬೇಕು? ಅರ್ಧ ಹಣ ಮೊದಲು ಕೊಡಿ. ಬಣ್ಣ ಕಡಿಮೆ ಕೇಳಿ. ಫೋಟೋ ತುಸು ಮಸುಕಾದರೆ ಆಗಲಿ, ಕೂಸಿನ ಹೊಟ್ಟೆ ತಣ್ಣಗಿರಲಿ!