ಪಾಠಾಂತರವಿಲ್ಲದ ಪಾಠ

ಕಲೆಯ ಮೇಲೆ ಗುಟ್ಟಾಗಿ ಕತ್ತರಿಯಾಡಿಸುವ ಸರಕಾರಿ ಕಚೇರಿಯೊಂದನ್ನು ಜಾರ್ಜ್ ಆರ್ವೆಲ್ ಕಲ್ಪಿಸಿ, ಅದಕ್ಕೆ ‘ಸತ್ಯ ಸಚಿವಾಲಯ’ವೆಂದು ಹೆಸರಿಟ್ಟನು. 1949ರಲ್ಲಿ ಪ್ರಕಟವಾದ ಅವನ ‘ನೈನ್‌ಟೀನ್ ಎಯ್ಟಿ ಫೋರ್’ ಕಾದಂಬರಿಯ ಮಾತು ಬಂದಾಗಲೆಲ್ಲ ಗೋಡೆಯ ಮೇಲಿನ ‘ದೊಡ್ಡಣ್ಣ’ನ ಕಣ್ಣುಗಳನ್ನೇ ಎಲ್ಲರೂ ನೆನೆಯುತ್ತಾರೆ. ನನ್ನನ್ನು ಕಾಡುವವನು ಬೇರೆ: ಅದೇ ಕಚೇರಿಯಲ್ಲಿ ದುಡಿಯುವ ಆಂಪಲ್‌ಫೋರ್ತ್ ಎಂಬ ಬಡಪಾಯಿ ಕವಿ.

ಪುಸ್ತಕಗಳನ್ನು ನಿಷೇಧಿಸುವುದು ಈತನ ಕೆಲಸವಲ್ಲ. ಪಕ್ಷಕ್ಕೆ ಒಗ್ಗದಿದ್ದರೂ ಏನೋ ಕಾರಣದಿಂದ ಸಂಕಲನಗಳಲ್ಲಿ ಉಳಿಯಬೇಕಾದ ಹಳೆಯ ಕವಿತೆಗಳನ್ನು, ಛಂದಸ್ಸು ಪ್ರಾಸಗಳು ಕೆಡದಂತೆ, ತಿದ್ದಿಬಿಡುವುದು. ಹಾಗೆ ತಿದ್ದಿದ್ದಕ್ಕೆ ಅಲ್ಲಿ ‘ನಿರ್ಣೀತ ಪಾಠ’ವೆಂಬ ಗೌರವದ ಹೆಸರು! ಕಡೆಗೆ ಕಿಪ್ಲಿಂಗನ ಪದ್ಯವೊಂದರ ಸಾಲಿನ ಕೊನೆಗಿದ್ದ ‘ಗಾಡ್’ ಎಂಬ ಶಬ್ದವನ್ನು ಅವನು ತೆಗೆಯಲಾರದೆ ಹೋಗುತ್ತಾನೆ. ‘ರಾಡ್’ ಎಂಬುದಕ್ಕೆ ಹೊಂದುವ ಬೇರೆ ಪ್ರಾಸ ಎಷ್ಟು ದಿನ ತಿಣುಕಿದರೂ ಸಿಗದು. ಅಷ್ಟಕ್ಕಾಗಿಯೇ ತಾನು ಸೆರೆಮನೆ ಸೇರಿರಬೇಕೆಂದು ಅವನ ಊಹೆ. ದ್ವಿತೀಯಾಕ್ಷರ ಪ್ರಾಸಕ್ಕಾಗಿ ಹೆಣಗಿದ ನಮ್ಮ ಹಳಗನ್ನಡ ಕವಿಗಳು ಈ ಸಂಕಟವನ್ನು ಬಲ್ಲರು. ಆದರೆ ಪ್ರಾಸ ತಪ್ಪದಿದ್ದುದಕ್ಕೆ ಅವರಲ್ಲಿ ಯಾರೂ ಸೆರೆಗೆ ಹೋದುದನ್ನು ನಾನು ಕೇಳಿಲ್ಲ.

ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದವರಿಗೆ ಆ ‘ನಿರ್ಣೀತ ಪಾಠ’ದ ಕ್ರೌರ್ಯ ಬೇಗ ತಿಳಿದೀತು. ಸಂಪಾದಕನು ಒಂದು ಪಾಠವನ್ನು ಆರಿಸಿದಾಗ, ಬಿಟ್ಟ ಪಾಠಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಒಪ್ಪದ ಓದುಗನು ಅವನೊಡನೆ ಜಗಳವಾಡಬಹುದು. ಆಂಪಲ್‌ಫೋರ್ತನ ಪುಟಕ್ಕೆ ಅಡಿಟಿಪ್ಪಣಿಯಿಲ್ಲ. ಬಹಿರಂಗವಾದ ನಿಷೇಧಕ್ಕಿಂತ ಇದು ಘೋರವೆಂದು ನಾನೆನ್ನುವುದು ಈ ಕಾರಣದಿಂದ. 1910ರಲ್ಲಿ ಮುಂಬಯಿ ಸರಕಾರವು ಗುಜರಾತಿಯ ‘ಹಿಂದ್ ಸ್ವರಾಜ್’ ಅನ್ನು ನಿಷೇಧಿಸಿತು. ಗಾಂಧೀಜಿ ಅದೇ ವರುಷ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದರು. ಪೆಟ್ಟು ಕೊಟ್ಟವನು ಎದುರಿಗೇ ನಿಂತಿದ್ದನು, ಮರುಮಾತಿಗೆ ಎಡೆಯಿತ್ತು. ಹೆಸರು ಉಳಿದು ಒಳಗಿನ ಮಾತು ಬದಲಾದ ಪುಸ್ತಕದ ಪರವಾಗಿ ಯಾರು ಯಾರಿಗೆ ಮರುಮಾತು ಹೇಳಬೇಕು?

ಇದೆಲ್ಲ ಕಟ್ಟುಕಥೆ ಎನ್ನುವವರುಂಟು. ಸೋವಿಯತ್ ರಷ್ಯದಲ್ಲಿ ಗುಪ್ತ ಪೋಲೀಸಿನ ಒಡೆಯನಾಗಿದ್ದ ಬೆರಿಯಾ 1953ರಲ್ಲಿ ಮರಣದಂಡನೆಗೆ ಗುರಿಯಾದ ಮೇಲೆ, ‘ಮಹಾ ಸೋವಿಯತ್ ವಿಶ್ವಕೋಶ’ದ ಚಂದಾದಾರರಿಗೆ ಹೊಸ ಹಾಳೆಗಳು ಬಂದವು. ಅವನ ಮೇಲಿನ ಲೇಖನವಿದ್ದ ಪುಟಗಳನ್ನು ಕತ್ತರಿಸಿ ತೆಗೆದು, ಬೇರಿಂಗ್ ಸಮುದ್ರ ಮೊದಲಾದವನ್ನು ಕುರಿತ ಈ ಹಾಳೆಗಳನ್ನು ಸೇರಿಸಿಕೊಳ್ಳಿರಿ ಎಂಬ ಸಲಹೆ ಜೊತೆಗಿತ್ತು. ಮನುಷ್ಯನಿದ್ದ ಜಾಗಕ್ಕೆ ಕಡಲು ನುಗ್ಗಿತು! ಆದರೂ ಕಾಗದಕ್ಕೆ ಅಲಗು ಬೇಕು. ಕತ್ತರಿಸಿದ ಅಂಚು ಸಾಕ್ಷಿಯಾಗಿ ಉಳಿಯುತ್ತದೆ. ವಿದ್ಯುನ್ಮಾನ ಪುಸ್ತಕಕ್ಕೆ ಅದೂ ಬೇಡ. 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕುಸ್ವಾಮ್ಯದ ತಕರಾರಿನಿಂದಾಗಿ, ಓದುಗರು ಹಣ ಕೊಟ್ಟು ಕೊಂಡಿದ್ದ ಪ್ರತಿಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿ, ಹಣ ಹಿಂದಿರುಗಿಸಿ, ಆಮೇಲೆ ಕ್ಷಮೆ ಕೇಳಿತು. ಆರ್ವೆಲ್ಲನ ಇದೇ ಕಾದಂಬರಿ ಹಾಗೆ ಮಾಯವಾದವುಗಳಲ್ಲಿ ಒಂದು. ಅಲ್ಲಿ ರಾಜಕೀಯವಿರಲಿಲ್ಲ, ನಿಜ. ಆದರೆ ಅಳಿಸಬಲ್ಲ ಕೈ ತಿದ್ದಲೂ ಬಲ್ಲದು.

ನಮ್ಮ ಸರಕಾರ ಮತ್ತು ಪ್ರಕಾಶಕರಲ್ಲಿ ನನ್ನ ಬೇಡಿಕೆ ಚಿಕ್ಕದು. ಪರಿಷ್ಕರಿಸಿದ ಪುಸ್ತಕ ಯಾವುದೇ ಆಗಲಿ, ಶಾಲೆಯ ಪದ್ಯಪಾಠವೇ ಆಗಲಿ, ಏನನ್ನು ಬಿಟ್ಟಿದೆ, ಏನನ್ನು ತಿದ್ದಿದೆ, ತಿದ್ದಿದವರು ಯಾರು ಎಂಬುದನ್ನು ಮೊದಲ ಪುಟದಲ್ಲಿಯೇ ಅಚ್ಚುಮಾಡಲಿ. ಗ್ರಂಥಾಲಯಗಳು ಹಳೆಯ ಮುದ್ರಣದ ಒಂದು ಪ್ರತಿಯನ್ನಾದರೂ ರದ್ದಿಗೆ ಹಾಕದೆ ಇಟ್ಟುಕೊಳ್ಳಲಿ.